ಒಂದೇ ಬ್ಲಾಕ್, ಎರಡು ಓದು: ಡಿಯೋಡಿನಮ್ ಬಯಾಪ್ಸಿಯೊಂದರ ಪ್ರಕರಣ ಅಧ್ಯಯನ

ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುವ 31 ವರ್ಷದ ಮಹಿಳೆ. ಹುಟ್ಟಿದ ಊರು ಚನ್ನರಾಯಪಟ್ಟಣದ ಕಡೆ, ಬೆಂಗಳೂರಿಗೆ ಬಂದು ಒಂಬತ್ತು ವರ್ಷ. ಹತ್ತು ತಿಂಗಳಿಂದ ಬಿಟ್ಟು ಬಿಟ್ಟು ಭೇದಿ, ಕೆಟ್ಟ ದಿನಗಳಲ್ಲಿ ನಾಲ್ಕೈದು ಸಲ. ಹೊಟ್ಟೆಯುಬ್ಬರ, ವಾಸನೆ ಬರುವ, ನೀರಿನಲ್ಲಿ ತೇಲುವ ಮಲ. 51 ಕೆ.ಜಿ. ಇದ್ದ ತೂಕ 43ಕ್ಕೆ ಇಳಿದಿತ್ತು. ಹಿಮೋಗ್ಲೋಬಿನ್ 9.6, ಬಿ12 ಕಡಿಮೆ, ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನಿನ ಅಳತೆ) ಕಡಿಮೆ. ಮಲ ಪರೀಕ್ಷೆಯನ್ನು ಒಂದೇ ಸಲ ಮಾಡಿಸಿದ್ದರು, ಅದರಲ್ಲಿ ಏನೂ ಸಿಕ್ಕಿರಲಿಲ್ಲ. ಲಿವರ್ ಪರೀಕ್ಷೆಯ ಹಾಳೆಯಲ್ಲಿ ಒಟ್ಟು ಪ್ರೋಟೀನ್ 5.2, ಆಲ್ಬುಮಿನ್ 3.7. ಈ ಎರಡು ಅಂಕಿಗಳು ನೆನಪಿನಲ್ಲಿರಲಿ. ಇಡೀ ಪ್ರಕರಣದ ಉತ್ತರ ಮೊದಲ ದಿನದಿಂದಲೂ ಅಲ್ಲೇ ಕೂತಿತ್ತು.

(ಇದು ಯಾರೋ ಒಬ್ಬರ ಕಡತವಲ್ಲ. ಹಿಸ್ಟೊಪೆಥಾಲಜಿ ಮೇಜಿಗೆ ಮತ್ತೆ ಮತ್ತೆ ಬರುವ ಸಂಗತಿಗಳನ್ನು ಕಲಿಕೆಗಾಗಿ ಒಂದೇ ಪ್ರಕರಣವಾಗಿ ಕೂಡಿಸಿದ್ದೇವೆ.)

ಎಂಡೋಸ್ಕೋಪಿ ಆಯಿತು. ಸಣ್ಣಕರುಳಿನ ಮೊದಲ ಭಾಗವಾದ ಡಿಯೋಡಿನಮ್‌ನಿಂದ ಆರು ಚೂರು ತೆಗೆದರು. ಆರನ್ನೂ ಒಂದೇ ಫಾರ್ಮಲಿನ್ ಸೀಸೆಗೆ ಹಾಕಿ, ಮೇಲೆ 'ಡಿಯೋಡಿನಮ್' ಎಂದಷ್ಟೇ ಬರೆದು ಲ್ಯಾಬ್‌ಗೆ ಕಳಿಸಿದರು. ನಾಲ್ಕನೇ ದಿನ ಬಂದ ರಿಪೋರ್ಟ್‌ನ ತಿರುಳು ಇಷ್ಟು: ವಿಲ್ಲೈಗಳು (ಕರುಳಿನ ಒಳಮೈಯ ಬೆರಳಿನಂಥ ಚಾಚುಗಳು) ಭಾಗಶಃ ಗಿಡ್ಡವಾಗಿವೆ, ಎಪಿಥೀಲಿಯಮ್‌ನಲ್ಲಿ (ಮೇಲ್ಮೈಯ ಕೋಶಗಳ ಸಾಲು) ನೂರು ಕೋಶಕ್ಕೆ 32 ಲಿಂಫೋಸೈಟ್‌ಗಳಿವೆ (ಒಂದು ಬಗೆಯ ಬಿಳಿ ರಕ್ತಕಣ), ಮಾರ್ಷ್ 3ಎ (ವಿಲ್ಲೈ ಸವೆತದ ಒಂದು ದರ್ಜೆ), ಸೀಲಿಯಾಕ್ ಕಾಯಿಲೆಗೆ (ಗೋಧಿಯ ಗ್ಲುಟೆನ್ ಎಂಬ ಪ್ರೋಟೀನ್‌ನಿಂದ ಸಣ್ಣಕರುಳು ಹಾನಿಗೊಳ್ಳುವುದು) ಹೊಂದುತ್ತದೆ. ಸೀಲಿಯಾಕ್‌ನ ಆಂಟಿಬಾಡಿ ಹುಡುಕುವ, ರಕ್ತದ ಟಿಟಿಜಿ ಐಜಿಎ ಪರೀಕ್ಷೆ ನೆಗೆಟಿವ್ ಬಂದಿತ್ತು. ಆದರೂ 'ರಕ್ತದಲ್ಲಿ ಕಾಣದ ಸೀಲಿಯಾಕ್' ಎಂದು ತೀರ್ಮಾನಿಸಿ ಗೋಧಿ ಬಿಡಿಸಿದರು.

ಏಳು ತಿಂಗಳು ಆಕೆ ಗೋಧಿಯನ್ನು ಮುಟ್ಟಲಿಲ್ಲ. ಬೆಂಗಳೂರಿನಲ್ಲಿ ಅದು ಎಷ್ಟು ಕಷ್ಟವೆಂದು ಮಾಡಿದವರಿಗೇ ಗೊತ್ತು. ಚಪಾತಿ, ಬ್ರೆಡ್ ಬಿಟ್ಟರೆ ಮುಗಿಯಿತು ಎಂದುಕೊಳ್ಳುತ್ತೇವೆ. ಉಪ್ಪಿಟ್ಟಿನ ರವೆ ಗೋಧಿಯದು, ಕೇಸರಿಬಾತೂ ಅದರದೇ, ಅಂಗಡಿಯ ಇಂಗಿನ ಪುಡಿಯಲ್ಲಿ ಸಾಮಾನ್ಯವಾಗಿ ಮೈದಾ ಬೆರೆತಿರುತ್ತದೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಜೋಳ, ಸಜ್ಜೆ, ನವಣೆ, ಅಕ್ಕಿಯಲ್ಲೂ ಇಲ್ಲ. ಆದರೆ ಗಿರಣಿಯಲ್ಲಿ ಹಿಂದಿನವರ ಗೋಧಿ ಬೀಸಿದ ಕಲ್ಲಿಗೇ ನಮ್ಮ ರಾಗಿ ಸುರಿದರೆ ಮೊದಲ ಒಂದೆರಡು ಸೇರಿನಲ್ಲಿ ಗೋಧಿ ಬಂದೇ ಬರುತ್ತದೆ. ಆಕೆ ಇಷ್ಟನ್ನೂ ಪಾಲಿಸಿದರು, ರಾಗಿಯನ್ನು ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿಕೊಂಡರು. ಭೇದಿ ನಿಲ್ಲಲಿಲ್ಲ, ತೂಕ ಏರಲಿಲ್ಲ. ಪಥ್ಯ ಸರಿಯಾಗಿ ಮಾಡುತ್ತಿಲ್ಲವೇನೋ ಎಂಬ ಅನುಮಾನದ ಮಾತನ್ನು ಕೂಡ ಕೇಳಬೇಕಾಯಿತು. ಕೊನೆಗೆ ಸ್ಲೈಡ್ ಮತ್ತು ಬ್ಲಾಕ್‌ಗಳು (ಚೂರುಗಳನ್ನು ಹುದುಗಿಸಿಟ್ಟ ಮೇಣದ ಗಟ್ಟಿಗಳು) ಎರಡನೇ ಅಭಿಪ್ರಾಯಕ್ಕೆ ಬಂದವು.

ಸ್ಲೈಡ್ ಹೇಗಿರಬೇಕಿತ್ತು

ತಪ್ಪು ಎಲ್ಲಾಯಿತೆಂದು ತಿಳಿಯಬೇಕಾದರೆ ಸರಿಯಾದದ್ದು ಕಣ್ಣಿಗೆ ಕಟ್ಟಿರಬೇಕು. ಅನ್ನನಾಳದಿಂದ ಗುದದವರೆಗೆ ಜೀರ್ಣನಾಳದ ಗೋಡೆಗೆ ನಾಲ್ಕು ಪದರ: ಒಳಗಿನ ಲೋಳೆಪೊರೆ, ಅದರಡಿಯ ಸಬ್‌ಮ್ಯುಕೋಸಾ, ಆಮೇಲೆ ಸ್ನಾಯು, ಹೊರಗೆ ಸೀರೋಸಾ ಅಥವಾ ಅಡ್ವೆಂಟೀಷಿಯಾ. ಎಂಡೋಸ್ಕೋಪಿಯ ಚಿಮುಟಕ್ಕೆ ಸಿಗುವುದು ಹೆಚ್ಚಾಗಿ ಮೊದಲ ಪದರ ಮಾತ್ರ, ಅದೃಷ್ಟವಿದ್ದರೆ ಎರಡನೆಯದರ ಒಂದು ಎಳೆ. ಚೂರಿನ ಅಗಲ 2ರಿಂದ 4 ಮಿ.ಮೀ.

ಲೋಳೆಪೊರೆಯಲ್ಲೇ ಮೂರು ಭಾಗಗಳಿವೆ. ಮೇಲ್ಮೈಗೆ ಒಂದೇ ಸಾಲಿನ ಎತ್ತರದ ಎಪಿಥೀಲಿಯಮ್ ಕೋಶಗಳು. ಅವುಗಳಡಿ ಸಡಿಲ ಅಂಗಾಂಶವಾದ ಲ್ಯಾಮಿನಾ ಪ್ರೋಪ್ರಿಯಾ. ತಳದಲ್ಲಿ ತೆಳು ಸ್ನಾಯುಪಟ್ಟಿ, ಮಸ್ಕ್ಯುಲಾರಿಸ್ ಮ್ಯುಕೋಸೆ. ಸಣ್ಣಕರುಳಿನಲ್ಲಿ ಈ ಮೇಲ್ಮೈ ಬೆರಳುಗಳಂತೆ ಮೇಲಕ್ಕೆ ಚಾಚಿದರೆ ವಿಲ್ಲೈ, ಕೊಳವೆಗಳಂತೆ ಕೆಳಕ್ಕೆ ಇಳಿದರೆ ಕ್ರಿಪ್ಟ್. ವಿಲ್ಲೈ ಸುಮಾರು ಅರ್ಧದಿಂದ ಒಂದು ಮಿ.ಮೀ. ಎತ್ತರ. ಆರೋಗ್ಯವಂತರಲ್ಲಿ ಕ್ರಿಪ್ಟ್‌ನ ಆಳಕ್ಕಿಂತ ವಿಲ್ಲಸ್‌ನ ಎತ್ತರ ಮೂರು ಪಟ್ಟು ಅಥವಾ ಹೆಚ್ಚು ಇರುತ್ತದೆ ಎಂಬುದು ಪಠ್ಯಗಳ ಅಳತೆ. ಕ್ರಿಪ್ಟ್‌ನ ಬುಡದಲ್ಲಿ ಕಾಂಡಕೋಶಗಳಿವೆ, ಪಕ್ಕದಲ್ಲೇ ಕೆಂಪು ಕಣಗಳು ತುಂಬಿದ ಪ್ಯಾನೆತ್ ಕೋಶಗಳು. ಅಲ್ಲಿ ಹುಟ್ಟಿದ ಕೋಶ ಮೇಲೇರುತ್ತಾ ಹೋಗಿ ನಾಲ್ಕೈದು ದಿನಗಳಲ್ಲಿ ವಿಲ್ಲಸ್‌ನ ತುದಿಯಿಂದ ಉದುರುತ್ತದೆ.

ಡಿಯೋಡಿನಮ್‌ನ ಗುರುತು ಬ್ರೂನರ್ ಗ್ರಂಥಿಗಳು. ಇವು ಸಬ್‌ಮ್ಯುಕೋಸಾದಲ್ಲಿರುತ್ತವೆ, ಆದರೆ ಜಠರಕ್ಕೆ ಹತ್ತಿರದ ಬಲ್ಬ್ ಭಾಗದಲ್ಲಿ ಸ್ನಾಯುಪಟ್ಟಿಯನ್ನು ದಾಟಿ ಲೋಳೆಪೊರೆಯೊಳಗೂ ಬರುತ್ತವೆ. ಅವುಗಳ ಮೇಲಿರುವ ವಿಲ್ಲೈ ಸಹಜವಾಗಿಯೇ ಗಿಡ್ಡ. ಲಿಂಫಾಯ್ಡ್ ಗಂಟಿನ ಮೇಲೂ ಹಾಗೆಯೇ. ಬಲ್ಬ್‌ನಿಂದ ಒಂದೆರಡು, ಎರಡನೇ ಭಾಗದಿಂದ ಕನಿಷ್ಠ ನಾಲ್ಕು ಚೂರು ತೆಗೆದು, ಎರಡು ಬೇರೆ ಸೀಸೆಗಳಿಗೆ ಹಾಕಿ ಎನ್ನುವುದು ಇದಕ್ಕೇ. ಈ ಪ್ರಕರಣದಲ್ಲಿ ಆರೂ ಒಂದೇ ಸೀಸೆಯಲ್ಲಿದ್ದವು. ಗಿಡ್ಡಗೆ ಕಂಡದ್ದು ಬಲ್ಬ್‌ನ ಚೂರೋ, ಎರಡನೇ ಭಾಗದ್ದೋ ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ.

ಅಡ್ಡಕ್ಕೆ ಹೆಚ್ಚಿದ ನುಗ್ಗೆಕಾಯಿ

ಮೊದಲ ಸ್ಲೈಡನ್ನು ಮೈಕ್ರೋಸ್ಕೋಪಿನ 4 ಎಕ್ಸ್ ಲೆನ್ಸ್‌ನಡಿ ಇಟ್ಟ ಕೂಡಲೇ ತೊಂದರೆ ಕಂಡಿತು. ಐದು ಚೂರುಗಳಲ್ಲಿ ಕ್ರಿಪ್ಟ್‌ಗಳು ಉದ್ದುದ್ದ ಕೊಳವೆಗಳಾಗಿ ಕಾಣಲಿಲ್ಲ, ಬಳೆಗಳಂತೆ ದುಂಡಗೆ ಕಂಡವು. ವಿಲ್ಲೈಗಳು ಬುಡವಿಲ್ಲದ ನಡುಗಡ್ಡೆಗಳಂತೆ ತೇಲುತ್ತಿದ್ದವು. ಒಂದೇ ಸಾಲಿರಬೇಕಾದ ಎಪಿಥೀಲಿಯಮ್ ನ್ಯೂಕ್ಲಿಯಸ್‌ಗಳು ಮೂರು ನಾಲ್ಕು ಸಾಲು ಪೇರಿಸಿದಂತಿದ್ದವು. ಅಡಿಯಲ್ಲಿ ಸ್ನಾಯುಪಟ್ಟಿಯ ಸುಳಿವೇ ಇಲ್ಲ. ಇವೆಲ್ಲ ಓರೆಯಾಗಿ ಕೊಯ್ದ ಚೂರಿನ ಲಕ್ಷಣಗಳು. ನುಗ್ಗೆಕಾಯಿಯ ಕಟ್ಟನ್ನು ಅಡ್ಡಕ್ಕೆ ಹೆಚ್ಚಿದರೆ ಬಿಲ್ಲೆಗಳಷ್ಟೇ ಸಿಗುತ್ತವೆ, ಕಾಯಿ ಎಷ್ಟುದ್ದ ಇತ್ತೆಂದು ಬಿಲ್ಲೆ ನೋಡಿ ಯಾರೂ ಹೇಳಲಾರರು. ಇಲ್ಲಿ ಬಿಲ್ಲೆ ನೋಡಿ ಕಾಯಿಯ ಉದ್ದ ಹೇಳಿದ್ದರು.

ಹೀಗಾಗುವುದು ಎಂಬೆಡಿಂಗ್ ಮೇಜಿನಲ್ಲಿ, ಅಂದರೆ ಚೂರನ್ನು ಮೇಣದಲ್ಲಿ ಕೂರಿಸುವಲ್ಲಿ. ಚೂರು ಫಾರ್ಮಲಿನ್‌ಗೆ ಬಿದ್ದ ಕೂಡಲೇ ಸ್ನಾಯುಪಟ್ಟಿಯ ಕಡೆ ಸೆಳೆದುಕೊಂಡು, ವಿಲ್ಲೈ ಹೊರಗಾಗಿ ಮುದುರುತ್ತದೆ. ಮುದುರಿದ ಆರು ಚೂರನ್ನು ಮೇಣದ ಅಚ್ಚಿಗೆ ಒಟ್ಟಿಗೆ ಸುರಿದರೆ ಬಿದ್ದ ಹಾಗೆ ಬಿದ್ದಿರುತ್ತವೆ. ಹೀಗಾಗದಂತೆ ನೋಡಿಕೊಳ್ಳುವುದು ಎಂಡೋಸ್ಕೋಪಿ ಕೋಣೆಯಿಂದಲೇ ಶುರುವಾಗಬೇಕು. ಒಂದು ಸಲಕ್ಕೆ ಒಂದೇ ಚೂರು ತೆಗೆದು, ಕತ್ತರಿಸಿದ ಬದಿ ಕೆಳಗೆ, ವಿಲ್ಲೈ ಮೇಲೆ ಬರುವಂತೆ ಫಿಲ್ಟರ್ ಕಾಗದದ ತುಣುಕಿಗೆ ಅಂಟಿಸಿ, ಕಾಗದದ ಸಮೇತ ಫಾರ್ಮಲಿನ್‌ಗೆ ಬಿಡಬೇಕು. ದ್ರವ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್ ಆಗಿರಬೇಕು, ಅಂಗಾಂಶದ ಹತ್ತು ಪಟ್ಟಿಗಾದರೂ ಹೆಚ್ಚಿರಬೇಕು. ಇಷ್ಟು ಸಣ್ಣ ಚೂರಿಗೂ ಆರು ಗಂಟೆ ಬೇಕು. ಸೀಸೆ ನಗರದ ಆ ತುದಿಯಿಂದ ಈ ತುದಿಗೆ ಟ್ರಾಫಿಕ್‌ನಲ್ಲಿ ಬರುವ ಹೊತ್ತಿಗೆ ಅದರಲ್ಲಿ ಅರ್ಧ ಕಳೆದಿರುತ್ತದೆ, ಅದೊಂದು ಅನುಕೂಲ. ಆದರೆ ಫಾರ್ಮಲಿನ್ ಕೈಗೆ ಸಿಗಲಿಲ್ಲವೆಂದು ಸಲೈನ್‌ನಲ್ಲಿ ಹಾಕಿ ಕಳಿಸಿದರೆ ಅದೇ ಹೊತ್ತಿನಲ್ಲಿ ಮೇಲ್ಮೈ ಕೋಶಗಳು ಕೊಳೆತು ಉದುರಿರುತ್ತವೆ, ಆಮೇಲೆ ಯಾರೂ ಏನೂ ಮಾಡಲಾಗದು.

ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಒಂದು ಬ್ಲಾಕ್‌ಗೆ ಎರಡೋ ಮೂರೋ ಚೂರನ್ನಷ್ಟೇ, ಒಂದೇ ಸಾಲಿನಲ್ಲಿ, ಅಂಚಿನ ಮೇಲೆ ನಿಲ್ಲಿಸಬೇಕು. ಭೂತಗನ್ನಡಿ ಬೇಕು, ಬಿಸಿ ಚಿಮುಟ ಬೇಕು. ಪ್ರೊಸೆಸಿಂಗ್‌ನ ಕೊನೆಯ ಆಲ್ಕೋಹಾಲ್‌ಗೆ ನಾಲ್ಕು ಹನಿ ಇಯೋಸಿನ್ ಬಣ್ಣ ಬಿಟ್ಟರೆ ಬಿಳಿ ಮೇಣದಲ್ಲಿ ಚೂರು ಗುಲಾಬಿಯಾಗಿ ಎದ್ದು ಕಾಣುತ್ತದೆ, ಯಾವ ಬದಿ ಯಾವುದೆಂದು ಗುರುತಿಸುವುದು ಸುಲಭ. ಒಂದು ಚೂರನ್ನು ನಿಲ್ಲಿಸಲು ಅರ್ಧ ನಿಮಿಷ ಸಾಕು. ದಿನಕ್ಕೆ ನೂರಾರು ಬ್ಲಾಕ್ ಮಾಡುವ ಕಡೆ ಆ ಅರ್ಧ ನಿಮಿಷವನ್ನು ಟೆಕ್ನಿಷಿಯನ್‌ಗೆ ಕೊಡುವುದು ಮೇಲಿನವರ ಜವಾಬ್ದಾರಿ. ತಪ್ಪನ್ನು ಆತನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಬ್ಲಾಕ್ ಉಳಿದಿದ್ದರಿಂದ ಸರಿಪಡಿಸುವ ದಾರಿ ಇತ್ತು. ಅದನ್ನು 60 ಡಿಗ್ರಿಯಲ್ಲಿ ಕರಗಿಸಿ, ಚೂರುಗಳನ್ನು ಒಂದೊಂದಾಗಿ ಎತ್ತಿ, 90 ಡಿಗ್ರಿ ತಿರುಗಿಸಿ, ಎರಡು ಬ್ಲಾಕ್‌ಗಳಿಗೆ ಮೂರು ಮೂರರಂತೆ ಮತ್ತೆ ಕೂರಿಸಿದರು. ತೆಳು ಪದರ ಕೊಯ್ಯುವ ಮೈಕ್ರೋಟೋಮ್‌ಗೆ ಹಾಕಿದ ಮೇಲೆ ಒಂದು ಎಚ್ಚರಿಕೆ ಮುಖ್ಯ. ಹೊಸ ಬ್ಲಾಕ್‌ಗೆ ಮಾಡುವಂತೆ ದಪ್ಪಗೆ ಟ್ರಿಮ್ ಮಾಡಬಾರದು. ಮೊದಲೇ ಸವೆದ ಚೂರು ನಾಲ್ಕೈದು ತಿರುವಿನಲ್ಲಿ ಮುಗಿದುಹೋಗುತ್ತದೆ. ಮೊದಲ ತಿರುವಿನಿಂದಲೇ 4 ಮೈಕ್ರಾನ್ ಇಟ್ಟು, ಬಂದ ರಿಬ್ಬನ್ ಅಷ್ಟನ್ನೂ ಹಿಡಿದಿಟ್ಟು, ಮೂರು ಆಳಗಳಿಂದ ಎಚ್ ಅಂಡ್ ಇ (ಮಾಮೂಲು ಬಣ್ಣದ) ಸ್ಲೈಡ್, ನಡುವಿನವುಗಳಲ್ಲಿ ಬಣ್ಣ ಹಾಕದ ಎಂಟು ಸ್ಲೈಡ್ ಎತ್ತಿಟ್ಟುಕೊಂಡರು. ಮುಂದೆ ಇಮ್ಯುನೋ (ಆಂಟಿಬಾಡಿ ಬಳಸಿ ನಿರ್ದಿಷ್ಟ ಕೋಶಕ್ಕೆ ಬಣ್ಣ ಹತ್ತಿಸುವ ಪರೀಕ್ಷೆ) ಬೇಕಾದರೆ ಮತ್ತೆ ಬ್ಲಾಕ್ ಕೊಯ್ಯುವ ಹಾಗಿರಬಾರದು.

ಆರರಲ್ಲಿ ನಾಲ್ಕು ಚೂರು ನೆಟ್ಟಗೆ ಸಿಕ್ಕವು. ಸಾಲಾಗಿ ಮೂರು ನಾಲ್ಕು ಕ್ರಿಪ್ಟ್‌ಗಳು ಬಾಯಿಯಿಂದ ಬುಡದವರೆಗೆ ಕಂಡರೆ, ಕೆಳಗೆ ಸ್ನಾಯುಪಟ್ಟಿ ಕಂಡರೆ, ಅಲ್ಲಿ ಮಾತ್ರ ಅಳೆಯಬೇಕು. ಅಳೆದಾಗ ಮೂರು ಚೂರಿನಲ್ಲಿ ವಿಲ್ಲಸ್ ಮತ್ತು ಕ್ರಿಪ್ಟ್ ಅನುಪಾತ 3:1ರ ಆಸುಪಾಸು. ನಾಲ್ಕನೆಯದು 2:1, ಆದರೆ ಅದರ ಅಡಿಯಲ್ಲಿ ಬ್ರೂನರ್ ಗ್ರಂಥಿಯ ದೊಡ್ಡ ಗುಂಪಿತ್ತು, ಅಂದರೆ ಬಲ್ಬ್‌ನದು ಎಂದುಕೊಳ್ಳಬಹುದು. ಲಿಂಫೋಸೈಟ್ ಎಣಿಕೆ ನೂರಕ್ಕೆ 30. ಸಾಮಾನ್ಯ ಮಿತಿ 25. ಮೊದಲ ರಿಪೋರ್ಟ್ ಈ ಎಣಿಕೆಯಲ್ಲಿ ಸರಿಯಾಗಿಯೇ ಇತ್ತು. ಅದು ಎಡವಿದ್ದು ಅರ್ಥ ಹೇಳುವಲ್ಲಿ. ಎಚ್. ಪೈಲೊರಿ, ನೋವಿನ ಮಾತ್ರೆಗಳು, ಟ್ರಾಪಿಕಲ್ ಸ್ಪ್ರೂ, ಜಿಯಾರ್ಡಿಯಾ ಎಂಬ ಕರುಳಿನ ಪರೋಪಜೀವಿ, ಸಣ್ಣಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚುವುದು, ರೋಗನಿರೋಧಕ ಕೊರತೆ, ಇವೆಲ್ಲದರಲ್ಲೂ ಆ ಸಂಖ್ಯೆ ಏರುತ್ತದೆ.

ರೋಗಿ ಎಲ್ಲಿಯವರು ಎಂಬುದನ್ನೂ ಕೇಳಬೇಕು. 2016ರಲ್ಲಿ ಪ್ರಕಟವಾದ, ದೇಶದ ಮೂರು ಭಾಗಗಳ ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನದಲ್ಲಿ ಸೀಲಿಯಾಕ್‌ನ ಆಂಟಿಬಾಡಿ ಉತ್ತರ ಭಾರತದಲ್ಲಿ 1.23%, ಈಶಾನ್ಯದಲ್ಲಿ 0.87%, ದಕ್ಷಿಣದಲ್ಲಿ 0.10% ಜನರಲ್ಲಿ ಕಂಡಿತ್ತು. ಬೆಂಗಳೂರಿನಲ್ಲಿ ಎಲ್ಲ ಕಡೆಯವರೂ ಇದ್ದಾರೆ, ಹಾಗಾಗಿ ಸೀಲಿಯಾಕ್ ಇಲ್ಲಿ ಬರುವುದೇ ಇಲ್ಲ ಎನ್ನುವಂತಿಲ್ಲ. ಆದರೆ ರಾಗಿ ಉಂಡು ಬೆಳೆದ ಹಾಸನದ ಕಡೆಯವರಲ್ಲಿ, ಟಿಟಿಜಿಯೂ ನೆಗೆಟಿವ್ ಇದ್ದಾಗ, ಅದು ಪಟ್ಟಿಯ ಮೊದಲ ಹೆಸರಾಗಬಾರದಿತ್ತು.

ಅಲ್ಲಿರಬೇಕಿದ್ದ ಕೋಶ

10 ಎಕ್ಸ್‌ನಿಂದ 40 ಎಕ್ಸ್‌ಗೆ ಹೋಗೋಣ. ವಿಲ್ಲಸ್‌ನ ಒಡಲು, ಲ್ಯಾಮಿನಾ ಪ್ರೋಪ್ರಿಯಾ. ಆರೋಗ್ಯವಂತರ ಸಣ್ಣಕರುಳಿನಲ್ಲಿ ಇಲ್ಲಿ ಕಿಕ್ಕಿರಿದಿರುವುದು ಆಂಟಿಬಾಡಿ ತಯಾರಿಸುವ ಪ್ಲಾಸ್ಮಾ ಕೋಶ. ನ್ಯೂಕ್ಲಿಯಸ್ ಒಂದು ಬದಿಗೆ ಸರಿದಿರುತ್ತದೆ, ಅದರೊಳಗಿನ ಕ್ರೊಮ್ಯಾಟಿನ್ ಗಡಿಯಾರದ ಅಂಕಿಗಳಂತೆ ಸುತ್ತ ಹರಡಿರುತ್ತದೆ, ಪಕ್ಕದಲ್ಲಿ ಒಂದು ತಿಳಿ ಮಚ್ಚೆ, ಉಳಿದ ಒಡಲು ನೇರಳೆಗೆಂಪು. ಬಹುಪಾಲು ಐಜಿಎ ಬಗೆಯ ಆಂಟಿಬಾಡಿ ತಯಾರಿಸುವವು. ಒಮ್ಮೆ ಪರಿಚಯವಾದರೆ ಮರೆಯುವ ಮುಖವಲ್ಲ.

ಈ ಸ್ಲೈಡ್‌ನಲ್ಲಿ ಒಂದೂ ಇರಲಿಲ್ಲ. ಲಿಂಫೋಸೈಟ್ ಇದ್ದವು, ಇಯೋಸಿನೋಫಿಲ್ ಇದ್ದವು, ಎರಡು ಕಡೆ ದುಂಡನೆಯ ಲಿಂಫಾಯ್ಡ್ ಗಂಟುಗಳಿದ್ದವು. ನಾಲ್ಕು ಚೂರು, ಮೂರು ಆಳ, ಕ್ರಿಪ್ಟ್‌ನ ಬುಡದಿಂದ ವಿಲ್ಲಸ್ ತುದಿಯವರೆಗೆ ಹುಡುಕಿದರೂ ಪ್ಲಾಸ್ಮಾ ಕೋಶ ಸಿಗಲಿಲ್ಲ. ಇಂಥದ್ದು ಕಣ್ತಪ್ಪಿ ಹೋಗುವುದು ಸುಲಭ. ಹೆಚ್ಚಾಗಿದ್ದು ಕಣ್ಣಿಗೆ ಹೊಡೆಯುತ್ತದೆ, ಇಲ್ಲದ್ದು ಹುಡುಕಿದರಷ್ಟೇ ತಿಳಿಯುತ್ತದೆ. 'ಪ್ಲಾಸ್ಮಾ ಕೋಶ ಇವೆಯೇ' ಎಂಬ ಪ್ರಶ್ನೆ ಪ್ರತಿ ಡಿಯೋಡಿನಮ್ ರಿಪೋರ್ಟ್‌ನ ನಮೂನೆಯಲ್ಲಿ ಒಂದು ಸಾಲಾಗಿ ಅಚ್ಚಾಗಿರಬೇಕು ಎಂಬುದು ನಮ್ಮ ದೃಢ ಅಭಿಪ್ರಾಯ.

ಖಾತರಿಗೆ ಎತ್ತಿಟ್ಟ ಸ್ಲೈಡ್‌ನಲ್ಲಿ ಸಿಡಿ 138 ಇಮ್ಯುನೋ ಮಾಡಿದರು. ಇಲ್ಲೊಂದು ಹಳ್ಳವಿದೆ. ಸಿಡಿ 138 ಪ್ಲಾಸ್ಮಾ ಕೋಶಕ್ಕಷ್ಟೇ ಅಲ್ಲ, ಎಪಿಥೀಲಿಯಮ್‌ಗೂ ಹತ್ತುತ್ತದೆ. ಕ್ರಿಪ್ಟ್‌ಗಳೆಲ್ಲ ಕಂದಾಗಿ ಹೊಳೆಯುವುದನ್ನು ನೋಡಿ 'ಪಾಸಿಟಿವ್' ಎಂದು ಬರೆದರೆ ಕೆಟ್ಟಿತು. ಕ್ರಿಪ್ಟ್‌ಗಳ ನಡುವಿನ ಜಾಗ ನೋಡಬೇಕು. ಆ ಜಾಗ ಖಾಲಿ ಇತ್ತು. ಎಪಿಥೀಲಿಯಮ್‌ಗೆ ಹತ್ತಿದ ಬಣ್ಣವೇ ಪರೀಕ್ಷೆ ನಡೆದಿದೆ ಎಂಬುದಕ್ಕೆ ಸಾಕ್ಷಿಯೂ ಆಯಿತು.

ಪ್ಲಾಸ್ಮಾ ಕೋಶ ಇಲ್ಲವೆಂದ ಮೇಲೆ ಜಿಯಾರ್ಡಿಯಾ ಹುಡುಕದೆ ಸ್ಲೈಡ್ ಕೆಳಗಿಡಬಾರದು, ಇವೆರಡೂ ಜೊತೆಯಾಗಿ ಬರುವುದು ಅಷ್ಟು ಸಾಮಾನ್ಯ. ಅದು ಅಂಗಾಂಶದ ಒಳಗೆ ನುಗ್ಗುವುದಿಲ್ಲ. ಎರಡು ವಿಲ್ಲೈಗಳ ನಡುವಿನ ಸಂದಿಯಲ್ಲಿ, ಲೋಳೆಯ ಎಳೆಗಳಲ್ಲಿ, ಎಪಿಥೀಲಿಯಮ್‌ಗೆ ಹತ್ತಿಕೊಂಡಂತೆ ಇರುತ್ತದೆ. ಮೇಲಿಂದ ಕೊಯ್ದರೆ ಪಿಯರ್ ಹಣ್ಣಿನ ಆಕಾರ, ಎರಡು ನ್ಯೂಕ್ಲಿಯಸ್ ಎರಡು ಕಣ್ಣುಗಳಂತೆ. ಬದಿಯಿಂದ ಕೊಯ್ದರೆ ಕುಡುಗೋಲಿನಂತೆ ಬಾಗಿದ ಬೂದುಬಣ್ಣದ ಎಳೆ. ಉದ್ದ 10ರಿಂದ 20 ಮೈಕ್ರಾನ್. ಮರದಡಿ ಉದುರಿದ ಎಲೆಗಳಂತೆ ಗುಂಪಾಗಿ ಕಾಣುವುದೇ ಹೆಚ್ಚು, ಲೋಳೆಯ ಕಸವೆಂದು ಕಣ್ಣು ಜಾರಿಬಿಡುತ್ತದೆ. ಎರಡನೇ ಆಳದ ಸ್ಲೈಡ್‌ನಲ್ಲಿ, ಒಂದೇ ಒಂದು ಸಂದಿಯಲ್ಲಿ, ಅಂಥ ಹತ್ತು ಹನ್ನೆರಡು ಎಲೆಗಳು ಸಿಕ್ಕವು. ಮೊದಲ ಮತ್ತು ಮೂರನೇ ಆಳದಲ್ಲಿ ಇರಲಿಲ್ಲ. ಒಂದೇ ಆಳ ನೋಡಿದ್ದರೆ ತಪ್ಪಿಹೋಗುತ್ತಿತ್ತು.

ರಿಪೋರ್ಟ್ ಬರೆಯುವ ಮೊದಲು ಪೆಥಾಲಜಿಸ್ಟ್ ರೋಗಿಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ.

"ಅಮ್ಮಾ, ಈ ಹೊಟ್ಟೆ ತೊಂದರೆ ಬಿಟ್ಟು, ಎದೆ ಕಫ, ಮೂಗು, ಕಿವಿ ಏನಾದ್ರೂ ಪದೇ ಪದೇ ಆಗ್ತಿತ್ತಾ?"

"ಸೈನಸ್ಸು ವರ್ಷಕ್ಕೆ ಮೂರ್ನಾಲ್ಕು ಸಲ ಆಗತ್ತೆ ಮೇಡಂ. ನ್ಯುಮೋನಿಯಾ ಅಂತ ಎರಡು ಸಲ ಅಡ್ಮಿಟ್ ಆಗಿದ್ದೆ. ಹೊಟ್ಟೆ ಡಾಕ್ಟ್ರು ಅದನ್ನ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ರಕ್ತ ಹೇಳಿದ್ದು

ಈಗ ಮೊದಲ ದಿನದ ಹಾಳೆಗೆ ಮರಳೋಣ. 5.2ರಲ್ಲಿ 3.7 ಕಳೆದರೆ ಗ್ಲಾಬ್ಯುಲಿನ್ (ಆಂಟಿಬಾಡಿಗಳೂ ಸೇರಿದ ಪ್ರೋಟೀನ್ ಗುಂಪು) 1.5. ಕನಿಷ್ಠ 2ರ ಮೇಲಿರಬೇಕಾದದ್ದು. ಭೇದಿಯಲ್ಲಿ ಪ್ರೋಟೀನ್ ಸೋರಿಹೋಗಿದ್ದರೆ ಆಲ್ಬುಮಿನ್ನೂ ಜೊತೆಗೆ ಕುಸಿಯಬೇಕಿತ್ತು. ಅದು ಗಟ್ಟಿಯಾಗಿ ನಿಂತಿದ್ದು, ಗ್ಲಾಬ್ಯುಲಿನ್ ಮಾತ್ರ ಬಿದ್ದಿದೆ ಎಂದರೆ ತಯಾರಿಕೆಯೇ ಕಡಿಮೆ. ಇಮ್ಯುನೋಗ್ಲಾಬ್ಯುಲಿನ್, ಅಂದರೆ ಆಂಟಿಬಾಡಿಗಳನ್ನು ಅಳೆದಾಗ ಐಜಿಜಿ ಡೆಸಿಲೀಟರ್‌ಗೆ 210 ಮಿ.ಗ್ರಾಂ (ಸಾಮಾನ್ಯ ಸುಮಾರು 700ರಿಂದ 1600), ಐಜಿಎ ಅಳತೆಗೇ ಸಿಗದಷ್ಟು ಕಡಿಮೆ, ಐಜಿಎಂ 18.

ಟಿಟಿಜಿ ನೆಗೆಟಿವ್ ಬಂದದ್ದರ ಗುಟ್ಟೂ ಇಲ್ಲೇ ಇದೆ. ಅದು ಐಜಿಎ ಆಧರಿಸಿದ ಪರೀಕ್ಷೆ. ಐಜಿಎ ಇಲ್ಲದವರಲ್ಲಿ ಅದರ ನೆಗೆಟಿವ್‌ಗೆ ಅರ್ಥವಿಲ್ಲ, ಅದಕ್ಕೇ ಒಟ್ಟು ಐಜಿಎಯನ್ನು ಜೊತೆಗೇ ಅಳೆಯಬೇಕೆನ್ನುವುದು. ಬರೀ ಐಜಿಎ ಕೊರತೆಯಿದ್ದರೆ ಐಜಿಜಿ ಬಗೆಯ ಪರೀಕ್ಷೆಗೆ ಹೋಗಬಹುದು, ಈಕೆಯಲ್ಲಿ ಐಜಿಜಿಯೂ ಸಾಕಷ್ಟಿಲ್ಲ. ಹಾಗಾದರೆ ಸೀಲಿಯಾಕ್ ಅಲ್ಲವೆಂದು ಹೇಳುವುದು ಹೇಗೆ? ಆಂಟಿಬಾಡಿಯನ್ನೂ ಪಥ್ಯವನ್ನೂ ಅವಲಂಬಿಸದ ಪರೀಕ್ಷೆ ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಎಂಬ ಜೀನ್‌ಗಳದ್ದು. ಇವು ಇದ್ದರೆ ಸೀಲಿಯಾಕ್ ಇದೆ ಎಂದಾಗದು, ಏಕೆಂದರೆ ಆರೋಗ್ಯವಂತರಲ್ಲೂ ಇರುತ್ತವೆ. ಎರಡೂ ಇಲ್ಲದಿದ್ದರೆ ಸೀಲಿಯಾಕ್ ಬಹುತೇಕ ಇಲ್ಲವೆಂದೇ ಲೆಕ್ಕ. ಈಕೆಯಲ್ಲಿ ಎರಡೂ ಇರಲಿಲ್ಲ.

ಔಷಧದಿಂದ, ಮೂತ್ರದಲ್ಲಿ ಪ್ರೋಟೀನ್ ಹೋಗುವುದರಿಂದ, ಲಿಂಫೋಮಾದಿಂದ ಇಮ್ಯುನೋಗ್ಲಾಬ್ಯುಲಿನ್ ಇಳಿದಿದೆಯೇ ಎಂದು ನೋಡಿ, ಅವನ್ನೆಲ್ಲ ತಳ್ಳಿಹಾಕಿ, ಲಸಿಕೆಗೆ ಪ್ರತಿಕ್ರಿಯೆ ಬಾರದ್ದನ್ನೂ ಪರೀಕ್ಷಿಸಿದ ಮೇಲೆ ಬಂದ ನಿರ್ಣಯ: ಕಾಮನ್ ವೇರಿಯೆಬಲ್ ಇಮ್ಯುನೋಡೆಫಿಷಿಯನ್ಸಿ (ಸಾಕಷ್ಟು ಆಂಟಿಬಾಡಿ ತಯಾರಾಗದ ರೋಗನಿರೋಧಕ ಕೊರತೆ), ಜೊತೆಗೆ ಜಿಯಾರ್ಡಿಯಾಸಿಸ್. ಈ ಕಾಯಿಲೆಯಿರುವ ಎಲ್ಲರಲ್ಲೂ ಪ್ಲಾಸ್ಮಾ ಕೋಶ ಪೂರ್ತಿ ಮಾಯವಾಗುವುದಿಲ್ಲ, ಹಾಗಾಗಿ ಅವು ಕಂಡ ಮಾತ್ರಕ್ಕೆ ಕಾಯಿಲೆಯಿಲ್ಲ ಎನ್ನಬಾರದು. ಕೆಲವರಲ್ಲಿ ಸೀಲಿಯಾಕ್‌ನಂತೆಯೇ ವಿಲ್ಲೈ ನಿಜಕ್ಕೂ ಸವೆಯುತ್ತವೆ, ಗೋಧಿ ಬಿಟ್ಟರೂ ಸಾಮಾನ್ಯವಾಗಿ ಬೆಳೆಯುವುದಿಲ್ಲ.

ಟಿನಿಡಜೋಲ್ 2 ಗ್ರಾಂ, ಒಂದೇ ಸಲ. ಆಮೇಲೆ ಮಲವನ್ನು ದಿನ ಬಿಟ್ಟು ದಿನ ಮೂರು ಸಲ ಪರೀಕ್ಷಿಸಿದರು, ಏಕೆಂದರೆ ಜಿಯಾರ್ಡಿಯಾದ ಸಿಸ್ಟ್‌ಗಳು (ಗಟ್ಟಿ ಕವಚದ ರೂಪ) ಪ್ರತಿದಿನ ಹೊರಬೀಳುವುದಿಲ್ಲ. ಹಿಂದೆ ಒಂದೇ ಸಲದ ಪರೀಕ್ಷೆಯಲ್ಲಿ ಸಿಗದಿದ್ದುದಕ್ಕೂ ಇದೇ ಕಾರಣವಿರಬೇಕು. ಇಮ್ಯುನೋಗ್ಲಾಬ್ಯುಲಿನ್ ರಕ್ತನಾಳದ ಮೂಲಕ, ಕೆ.ಜಿ.ಗೆ 400ರಿಂದ 600 ಮಿ.ಗ್ರಾಂ ಲೆಕ್ಕದಲ್ಲಿ, ನಾಲ್ಕು ವಾರಕ್ಕೊಮ್ಮೆ. 43 ಕೆ.ಜಿ.ಗೆ 20 ಗ್ರಾಂ ಆ ಮಿತಿಯೊಳಗೆ ಬರುತ್ತದೆ. ಆಂಟಿಬಾಡಿ ಆಧರಿಸಿದ ಯಾವ ಪರೀಕ್ಷೆಯಿದ್ದರೂ ರಕ್ತವನ್ನು ಮೊದಲ ಡೋಸ್‌ಗೆ ಮುಂಚೆಯೇ ತೆಗೆದಿಡಬೇಕು. ಆಮೇಲೆ ತೆಗೆದರೆ ದಾನಿಗಳ ಆಂಟಿಬಾಡಿಯೇ ವರದಿಯಲ್ಲಿ ಬರುತ್ತದೆ. ಚಪಾತಿ ತಟ್ಟೆಗೆ ಮರಳಿತು. ಮೂರು ವಾರದಲ್ಲಿ ಭೇದಿ ನಿಂತಿತು, ಆರನೇ ತಿಂಗಳಿಗೆ ತೂಕ 49.

ವರ್ಷದ ನಂತರದ ಬಯಾಪ್ಸಿಯಲ್ಲಿ ಚೂರುಗಳು ಎರಡು ಸೀಸೆಯಲ್ಲಿ, ಕಾಗದಕ್ಕೆ ಅಂಟಿಕೊಂಡು ಬಂದವು. ವಿಲ್ಲೈ ನೆಟ್ಟಗೆ, ಎತ್ತರಕ್ಕೆ. ಲಿಂಫೋಸೈಟ್ ನೂರಕ್ಕೆ 18. ಜಿಯಾರ್ಡಿಯಾ ಇಲ್ಲ. ಪ್ಲಾಸ್ಮಾ ಕೋಶಗಳು ಆಗಲೂ ಇರಲಿಲ್ಲ. ನಾಲ್ಕು ವಾರಕ್ಕೊಮ್ಮೆ ಏರಿಸುವ ಔಷಧದಲ್ಲಿರುವುದು ಬಹುತೇಕ ಐಜಿಜಿ. ಕರುಳಿನ ಲೋಳೆಗೆ ಐಜಿಎ ಒದಗಿಸುವ ಕೋಶಗಳನ್ನು ಅದು ಹುಟ್ಟಿಸುವುದಿಲ್ಲ. ಹಾಗಾಗಿ ಜಿಯಾರ್ಡಿಯಾ ಮತ್ತೆ ಬರಬಹುದು, ಅದರ ಸಿಸ್ಟ್‌ಗಳು ನಲ್ಲಿ ನೀರಿನಲ್ಲಿರುವಷ್ಟು ಕ್ಲೋರಿನ್‌ಗೆ ಸುಲಭವಾಗಿ ಸಾಯುವುದಿಲ್ಲ. ಕಾವೇರಿ ನೀರಾಗಲಿ, ಬೋರ್‌ವೆಲ್ ಆಗಲಿ, ಟ್ಯಾಂಕರ್ ಆಗಲಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ ಕುಡಿಯಬೇಕೆಂದು ಡಿಸ್ಚಾರ್ಜ್ ಹಾಳೆಯಲ್ಲಿ ಬರೆದುಕೊಟ್ಟರು. ಕಾರ್ಖಾನೆಗೂ ಮನೆಯಿಂದಲೇ ಬಾಟಲಿ.